ಎಮ್ಮೆಯಂತೆ ಏಳುವ ಕಾರು

ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಕೊಟ್ಟೂರಿನ ಹಳೇ ಮನೆಗಳು ಬಹಳಷ್ಟು ಹೀಗೇ. ಆ ಕಡೆ ಮೆಣಸಿನಕಾಯಿ ಹುರಿದರೆ ಈ ಕಡೆ ಸೀನು ಬರುತ್ತದೆ. ಆ ಗೋಡೆಯಾಚೆ ಒಂದು ಬೆಳಿಗ್ಗೆ ಕರೀ ಬಣ್ಣದ, ಉದ್ದನೆಯ, ಜರ್ಮನಿಯ ಕಾರೊಂದು ಬಂದು ನಿಂತಿತು. ನನಗೆ ಸೀನು ಬರಲಿಲ್ಲ. ಹೊಟ್ಟೆಕಿಚ್ಚು ಬಂತು. ಅದು ಇನ್ನೂ ಪೂರ್ತಿ ಹೋಗಿಲ್ಲ.

ಕಾರು ದೊಡ್ಡಪ್ಪನ ಮಗನದು. ನನಗಿಂತ ಸ್ವಲ್ಪ ದೊಡ್ಡವನು, ಹಗರಿಬೊಮ್ಮನಹಳ್ಳಿಯ ಕರೆಂಟ್ ಆಫೀಸಿನಲ್ಲಿ ನೌಕರಿ. ನಾನು ಕೂಡ್ಲಿಗಿಯ ಶಾಲೆಯೊಂದರಲ್ಲಿ ಮೇಷ್ಟ್ರು. ಪಗಾರದಲ್ಲಿ ಇಬ್ಬರೂ ಅಕ್ಕಪಕ್ಕದವರೇ. ಆದರೆ ಓಣಿಯಲ್ಲಿ ನನ್ನ ದರ್ಜೆಯೇ ಬೇರೆ ಇತ್ತು. ನಾನು ಮಂದಿಯ ಧ್ವನಿ ಮಾಡುತ್ತೇನೆ. ಹಡಗಲಿ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವುದು, ನಮ್ಮ ಹೆಡ್‌ಮಾಸ್ಟರು ಪ್ರಾರ್ಥನೆಯ ನಡುವೆ ಆಕಳಿಸುವುದು, ದೊಡ್ಡವ್ವ ಫೋನಿನಲ್ಲಿ ಗುಟ್ಟು ಹೇಳುತ್ತೇನೆಂದು ಇಡೀ ಓಣಿಗೆ ಕೇಳಿಸುವುದು, ಎಲ್ಲವನ್ನೂ ಮಾಡುತ್ತೇನೆ. ಹೆಣ್ಣು ನೋಡಲು ಹೋದ ನಾನು ಉಪ್ಪಿಟ್ಟು ಗಂಟಲಿಗೆ ಸಿಕ್ಕಿ ಕಣ್ಣು ಮೇಲೆ ಮಾಡಿದ್ದನ್ನೂ ಮಾಡುತ್ತೇನೆ. ಅದಕ್ಕೇ ಹೆಚ್ಚು ನಗು. ಸಂಜೆಯಾದರೆ ನಮ್ಮ ಕಟ್ಟೆಗೆ ಮಂದಿ ಬರುತ್ತಿದ್ದರು. ಕಾರು ಬಂದ ಮೇಲೆ ಅದೇ ಮಂದಿ ಗೋಡೆಯ ಆಚೆ ಬದಿಗೆ ನಿಲ್ಲತೊಡಗಿದರು.

ಇದಕ್ಕಿಂತ ಉರಿಯುವ ಸಂಗತಿಯೆಂದರೆ, ಆ ಕಾರನ್ನು ಮೊದಲು ಕಂಡವನು ನಾನು. ಗಣಿಯ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ಹೊಸಪೇಟೆ ಕಡೆ ಕೊಂಡ ದೊಡ್ಡ ದೊಡ್ಡ ಕಾರುಗಳು ಈಗ ಹೊಸ ಸಣ್ಣ ಕಾರಿಗಿಂತ ಅಗ್ಗಕ್ಕೆ ಬರುತ್ತವೆ. ಮೊಬೈಲಿನಲ್ಲಿ ಇದರ ಫೋಟೋ ನೋಡಿ ನಾನು ವಾರಗಟ್ಟಲೆ ಅದನ್ನೇ ಉಜ್ಜಿ ಉಜ್ಜಿ ದೊಡ್ಡದು ಮಾಡುತ್ತಿದ್ದೆ. ವೈರಿಂಗ್ ಗೊತ್ತಿರುವವನು ಜೊತೆಗಿರಲಿ ಎಂದು ದೊಡ್ಡಪ್ಪನ ಮಗನನ್ನು ಕರೆದುಕೊಂಡು ಹೊಸಪೇಟೆಗೆ ಹೋದೆ. ಸೀಟಿನ ಹೊಲಿಗೆಯ ಸಂದಿಯಲ್ಲಿ ಇನ್ನೂ ಅದಿರಿನ ಕೆಂಪು ಧೂಳಿತ್ತು. ಏಸಿ ಹಾಕಿದರೆ ಮೊದಲು ಧೂಳು, ಆಮೇಲೆ ತಂಪು. ನನಗೆ ಅಲ್ಲೇ ಕೂತುಬಿಡೋಣ ಅನ್ನಿಸಿತು. ಆ ಆಸೆಯನ್ನು ತೋರಿಸಿದರೆ ದಲ್ಲಾಳಿ ರೇಟು ಏರಿಸುತ್ತಾನಲ್ಲ. ಹಾಗಾಗಿ ಕಾರನ್ನು ಆಡಿಕೊಂಡೆ. ದಲ್ಲಾಳಿಯ ಮಾತು, ಮುದಿ ಎಂಜಿನ್ನಿನ ಕೆಮ್ಮು, ಬಾಗಿಲಿನ ನರಳಾಟ ಎಲ್ಲವನ್ನೂ ಮಾಡಿ ತೋರಿಸಿದೆ. ದೊಡ್ಡಪ್ಪನ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಲ ಮಂಜೂರಾದ ಮೇಲೆ ಮೆಲ್ಲಗೆ ಬಂದು ತೆಗೆದುಕೊಳ್ಳುವುದು ನನ್ನ ಲೆಕ್ಕಾಚಾರ. ಅವನು ಆ ವಾರದಲ್ಲೇ ಒಬ್ಬನೇ ಹೋಗಿ ತಂದ.

ಕೇಳಿದ್ದಕ್ಕೆ, "ನೀನ ಬ್ಯಾಡ ಅಂದ್ಯಲ್ಲಲೇ," ಅಂದ. "ಅಷ್ಟು ನಗಿಸಿದಿ. ಬೇಕಾಗಿದ್ರ ಹಂಗ ಮಾಡ್ತಿದ್ದೇನು?"

ನನ್ನ ನಟನೆ ಅಷ್ಟು ಚೆನ್ನಾಗಿತ್ತು ಎಂದು ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಮುಖ ನೋಡಿ ಅವನೇ ಪಾಪ ಒಂದು ಮಾತು ಕೊಟ್ಟ: "ಮಾರೋದಾದ್ರ ಮೊದಲು ನಿನ್ನ ಕೇಳ್ತೀನಿ. ಆತಿಲ್ಲ?" ಅಂದಿನಿಂದ ನನ್ನ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿತು. ಅವನು ಮಾರಬೇಕು, ನಾನು ಕೊಳ್ಳಬೇಕು.

ಭರವಸೆ ಇಟ್ಟುಕೊಳ್ಳಲು ಕಾರಣವೂ ಬೇಕಾದಷ್ಟಿತ್ತು. ಸಾಹುಕಾರರ ಗಾಡಿಯನ್ನು ಪಗಾರದವನು ಸಾಕುವುದು ನೋಡುವಂಥದ್ದು. ವಾರವೆಲ್ಲ ಕಾರು ಮನೆಮುಂದೆ; ಇವನು ಟಿಫಿನ್ ಡಬ್ಬಿ ಹಿಡಿದು ನನ್ನ ಜೊತೆಗೇ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿಯೂ ಮಂದಿ ನನ್ನನ್ನು ಬಿಟ್ಟು ಇವನನ್ನೇ ಕೇಳುತ್ತಿದ್ದರು: ಗಾಡಿ ಹೆಂಗೈತ್ರಿ, ಎಷ್ಟು ಕೊಡತೈತ್ರಿ. ಭಾನುವಾರಕ್ಕೆ ಬೇಕಾದಷ್ಟೇ ಡೀಸೆಲ್ಲು ಹಾಕಿಸುತ್ತಿದ್ದ. ಟೈರು ಸೆಕೆಂಡ್‌ಹ್ಯಾಂಡು. ಡ್ರೈವರ್ ಕಡೆಯ ಗಾಜು ಇಳಿಯುತ್ತಿರಲಿಲ್ಲ; ಮೋಟಾರು ಹೊಸದು ಹಾಕಿಸಿದರೆ ದುಬಾರಿ, ಗುಜರಿಯಲ್ಲಿ ಸಿಗುವತನಕ ತಡೆಯೋಣ ಎಂದು ಬಂಕಿನಲ್ಲಿ ಇಡೀ ಬಾಗಿಲನ್ನೇ ತೆರೆದು ದುಡ್ಡು ಕೊಡುತ್ತಿದ್ದ. ಬಂಕಿನ ಹುಡುಗರು ಅದನ್ನು ದೊಡ್ಡವರ ಗತ್ತು ಎಂದುಕೊಂಡು ಸೆಲ್ಯೂಟ್ ಹೊಡೆಯುತ್ತಿದ್ದರು. ನನ್ನ ಬೈಕಿಗೆ ಯಾರೂ ಇದುವರೆಗೆ ಸೆಲ್ಯೂಟ್ ಹೊಡೆದಿಲ್ಲ. ಹಾರ್ನ್ ಇಲ್ಲದ್ದಕ್ಕೆ ನಾನೇ ಬಾಯಲ್ಲಿ ಹೊಡೆಯುತ್ತೇನೆ.

ದೊಡ್ಡ ರೋಗ ಬೇರೆಯೇ ಇತ್ತು. ಆ ಕಾರಿನ ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳಿವೆ. ಹಳೆಯವಾದ್ದರಿಂದ ಸೋರುತ್ತವೆ. ಸಂಜೆ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಕುಳಿತಿರುತ್ತದೆ. ಚಾಲೂ ಮಾಡಿದರೆ ಒಳಗೊಂದು ಪಂಪು ಗುರ್ರೆಂದು ಗಾಳಿ ತುಂಬಿ, ಮೊದಲು ಹಿಂಭಾಗ, ಆಮೇಲೆ ಮುಂಭಾಗ, ಥೇಟ್ ಎಮ್ಮೆ ಎದ್ದಂತೆ ಮೇಲೇಳುತ್ತದೆ. ಇದನ್ನು ನೋಡಲು ಭಾನುವಾರ ಬೆಳಿಗ್ಗೆ ಮಂದಿ ಹಲ್ಲುಜ್ಜುತ್ತ ಬಂದು ನಿಲ್ಲುತ್ತಿದ್ದರು. ಕಳೆದುಹೋದ ನನ್ನ ಮಂದಿಯನ್ನು ವಾಪಸ್ ತರಲು ನಾನು ಆ ಕಾರನ್ನೇ ಮಾಡತೊಡಗಿದೆ. ಕಟ್ಟೆಯ ಮೇಲೆ ಅಂಬೆಗಾಲಿಟ್ಟು, ಗಂಟಲಲ್ಲಿ ಪಂಪು ಓಡಿಸಿ, ಮೊದಲು ಹಿಂಭಾಗ ಎತ್ತಿ, ನಡುವೆ ಒಮ್ಮೆ ಉಸ್ ಎಂದು ಕುಸಿದು, ಮತ್ತೆ ಏಳುತ್ತಿದ್ದೆ. ದೊಡ್ಡಪ್ಪನ ಮಗನೂ ನಗುತ್ತಿದ್ದ. ಅವನು ನಕ್ಕರೆ ನನಗೆ ಇನ್ನಷ್ಟು ಉರಿಯುತ್ತಿತ್ತು. ಒಳ್ಳೆಯ ನಟನೆಗೆ ನಿಜವಾದ ಕಿವಿ ಬೇಕು. ಅದರ ಸದ್ದು ಹಿಡಿಯಲು ನಾನು ಭಾನುವಾರ ಭಾನುವಾರ ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದೆ. ನಮ್ಮವ್ವ ನೋಡಿ, ಅಲ್ಲಿ ಯಾರೋ ಜಗಳ ಆಡುತ್ತಿರಬೇಕು ಎಂದುಕೊಂಡು ತಾನೂ ಬಂದು ಕಿವಿ ಹಚ್ಚುತ್ತಿದ್ದಳು.

ಹೀಗಿರುವಾಗ ಒಂದು ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಗಾಡಿಗಳಿಗೆ ದೃಷ್ಟಿ ತೆಗೆಯುವುದು ನಮ್ಮಲ್ಲಿ ತಪ್ಪುವುದಿಲ್ಲ: ಬೂದುಗುಂಬಳಕಾಯಿಗೆ ತೂತು ಕೊರೆದು, ಕುಂಕುಮ ತುಂಬಿ, ಗಾಡಿಗೆ ಇಳೆ ತೆಗೆದು ರಸ್ತೆಯಲ್ಲಿ ಒಡೆಯುತ್ತಾರೆ. ದೊಡ್ಡವ್ವ ಸಂಜೆಯೇ ಕಾಯಿ ತಯಾರು ಮಾಡಿ ಕುಳಿತಳು. ಮಗ ಆಫೀಸಿನಿಂದ ತಡವಾಗಿ ಬಂದು, ದೃಷ್ಟಿ ತೆಗೆಯಲೆಂದು ಕಾರನ್ನು ಎಬ್ಬಿಸಿದವನು, ಈಗ ಕೈಲಾಗುವುದಿಲ್ಲ, ಬೆಳಿಗ್ಗೆ ಒಡೆಯೋಣ ಎಂದು ಒಳಗೆ ಹೋದ. ಕುಂಕುಮ ತುಂಬಿದ ಕಾಯಿಯನ್ನು ಮತ್ತೆ ಮನೆಯೊಳಗೆ ಒಯ್ಯುವಂತಿಲ್ಲ. ಹೊರಗಿಟ್ಟರೆ ಬೀದಿ ದನ ಬಿಡುವುದಿಲ್ಲ. ದೊಡ್ಡವ್ವ ಬಹಳ ಯೋಚಿಸಿ ಅದನ್ನು ಕಾರಿನ ಮುಂಭಾಗದ ಕೆಳಗೆ ತಳ್ಳಿಟ್ಟಳು. ದೇವರ ದಯೆ, ಅಲ್ಲಿ ದನದ ಬಾಯಿ ಹೋಗುವುದಿಲ್ಲ. ಕಾರು ಮಾತ್ರ ಎಂದಿನಂತೆ ಮೆಲ್ಲಗೆ ಕುಳಿತಿತು.

ಬೆಳಿಗ್ಗೆ ನೋಡಿದರೆ ಕಾರಿನ ಹೊಟ್ಟೆಯ ಕೆಳಗಿನಿಂದ ಕೆಂಪಗೆ ಹರಿದು ಓಣಿಯ ಚರಂಡಿ ಮುಟ್ಟಿತ್ತು. ಹಾಲು ಹಾಕುವವನು ಗಾಡಿ ಯಾವುದೋ ಪ್ರಾಣಿಯ ಮೇಲೆ ಹತ್ತಿದೆ ಎಂದು ಕೂಗಿದ. ಕಾರನ್ನು ಎಬ್ಬಿಸಿದ ಮೇಲೆ ಕೆಳಗೆ ಚಪ್ಪಟೆಯಾದ ಕುಂಬಳಕಾಯಿ ಕಂಡಿತು. ಬೇರೆಯವರ ಮನೆಯಲ್ಲಾದರೆ ಅಪಶಕುನ ಆಗುತ್ತಿತ್ತು. ದೊಡ್ಡವ್ವ ಅಲ್ಲೇ ತೀರ್ಪು ಕೊಟ್ಟಳು: "ನೋಡ್ರಿ, ತನ್ನ ದೃಷ್ಟಿ ತಾನ ತಕ್ಕೊಂತು." ಹಾಗೆನ್ನುವಾಗ ಅವಳು ನನ್ನ ಕಡೆಗೇ ನೋಡಿದಳು. ಓಣಿಯಲ್ಲಿ ದೃಷ್ಟಿ ಯಾರದೆಂದು ಯಾರಿಗೂ ಸಂಶಯವಿರಲಿಲ್ಲ.

ಆ ಭಾನುವಾರ ಎಲ್ಲರೂ ಮೈಲಾರಕ್ಕೆ, ಲಿಂಗಪ್ಪನ ದರ್ಶನಕ್ಕೆ ಹೊರಟರು. ನನ್ನನ್ನೂ ಹಿಂದಿನ ಸೀಟಿನಲ್ಲಿ ದೊಡ್ಡವ್ವನ ಪಕ್ಕಕ್ಕೆ ಕೂರಿಸಿಕೊಂಡರು. ನಾನು ಸೀಟಿನ ಚರ್ಮವನ್ನು ಯಾರಿಗೂ ಕಾಣದಂತೆ ಸವರುತ್ತಿದ್ದೆ. ಹಡಗಲಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು, ದೊಡ್ಡಪ್ಪನ ಮಗ ಜೋರು ಮಾಡಿದ. ಆಗ ಕೆಳಗಿನಿಂದ ಒಂದು ಸದ್ದು ಶುರುವಾಯಿತು. ಮೊದಲು ಟರ್ರ್ ಎಂದು ಬಿಗಿಯಾಗಿ, ಆಮೇಲೆ ಟಪ ಟಪ ಟಪ ಎಂದು ಬಿಡಿಬಿಡಿಯಾಗಿ. ನಿಧಾನ ಮಾಡಿದರೆ ನಿಲ್ಲುತ್ತದೆ; ಜೋರು ಮಾಡಿದರೆ ಮತ್ತೆ ಅದೇ. ಅವನ ಕಿವಿ ಕೆಂಪಾದದ್ದು ಹಿಂದಿನಿಂದ ಕಾಣುತ್ತಿತ್ತು. ಮೈಲಾರದಲ್ಲಿ ಅವನು ಕಾರಿಗಾಗಿ ಬೇಡಿಕೊಂಡ. ನಾನೂ ಕಾರಿಗಾಗಿಯೇ ಬೇಡಿಕೊಂಡೆ. ಲಿಂಗಪ್ಪನಿಗೆ ಗೊಂದಲ ಆಗಿರಬೇಕು.

ಹಗರಿಬೊಮ್ಮನಹಳ್ಳಿಯ ಗ್ಯಾರೇಜಿನವನು ಒಂದು ಸುತ್ತು ಹೊಡೆದು, ಗೇರ್‌ಬಾಕ್ಸು ಹೋಗಿದೆ, ಇಂಥ ಗಾಡಿಯ ತಂಟೆಗೆ ತಾನು ಬರುವುದಿಲ್ಲ ಎಂದು ಕೈ ತೊಳೆದುಕೊಂಡ. ಗೇರ್‌ಬಾಕ್ಸಿನ ರೇಟು ಕೇಳಿದ ಅತ್ತಿಗೆ, ಅಂದರೆ ಅವನ ಹೆಂಡತಿ, ಒಂದೇ ಮಾತು ಹೇಳಿದಳು: ಅದು ಗೇರ್‌ಬಾಕ್ಸೇ ಆಗಿದ್ದರೆ ಗಾಡಿ ಮಾರಬೇಕು, ಮಾರದಿದ್ದರೆ ಅವಳು ಹರಪನಹಳ್ಳಿಯ ತವರಿಗೆ. ಇವನು ಒಪ್ಪಿದ. ಗೋಡೆಗೆ ಕಿವಿ ಹಚ್ಚಿದ್ದ ನನಗೆ ಇಷ್ಟೂ ಸ್ಪಷ್ಟವಾಗಿ ಕೇಳಿಸಿತು. ನಾನು ಆಗಲೇ ನಮ್ಮ ಅಂಗಳದಲ್ಲಿ ಕಾರು ಹಿಡಿಯುವಷ್ಟು ಜಾಗವಿದೆಯೇ ಎಂದು ಹೆಜ್ಜೆ ಹಾಕಿ ನೋಡುತ್ತಿದ್ದೆ.

ಕೊನೆಗೆ ದಾವಣಗೆರೆಯಲ್ಲಿ ಇಂಥ ಕಾರುಗಳನ್ನೇ ರಿಪೇರಿ ಮಾಡುವ ಮೇಸ್ತ್ರಿಯೊಬ್ಬನ ನಂಬರು ಸಿಕ್ಕಿತು. ಗಾಡಿಯನ್ನು ಅಲ್ಲಿಗೆ ಓಡಿಸಲು ಭಯ, ಹೇರಿಕೊಂಡು ಹೋಗಲು ದುಡ್ಡಿಲ್ಲ. ಸಂಜೆ ಅಂಗಳದಲ್ಲಿ ಎಲ್ಲರೂ ಸೇರಿ, ಫೋನನ್ನು ಬಾನೆಟ್ಟಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಸದ್ದಿನ ರೆಕಾರ್ಡಿಂಗ್ ಕಳಿಸಿ ಎಂದ ಮೇಸ್ತ್ರಿ. ಅತ್ತಿಗೆ ಮೈಲಾರದ ದಾರಿಯಲ್ಲಿ ಮಾಡಿದ್ದ ರೆಕಾರ್ಡಿಂಗನ್ನು ಅಲ್ಲೇ ಕಳಿಸಿದಳು. ಅದರಲ್ಲಿ ಗಾಳಿ ಮತ್ತು ದೊಡ್ಡವ್ವ ಬಿಟ್ಟು ಬೇರೇನೂ ಇರಲಿಲ್ಲ. ಹಾಗಾದರೆ ಬಾಯಲ್ಲೇ ಹೇಳಿ, ಹೆಂಗೆ ಬರುತ್ತದೆ ಎಂದ. ದೊಡ್ಡಪ್ಪನ ಮಗ ಗಂಟಲು ಸರಿಮಾಡಿಕೊಂಡು ಪ್ರಯತ್ನಿಸಿದ.

"ಸಾರ್, ನಿಮಗೇನು ನೆಗಡಿ ಆಗೈತಾ?" ಎಂದಿತು ಫೋನು.

ಯಾರೂ ನಗಲಿಲ್ಲ. ಅವನು ನನ್ನತ್ತ ತಿರುಗಿದ. "ಲೇ, ನೀ ಮಾಡಲೇ. ನಿನಗ ಬರತೈತಿ."

ಗಂಟಲಲ್ಲಿ ನನಗೆ ಎರಡೂ ಸದ್ದು ಸಿದ್ಧವಿದ್ದವು. ಒಂದು ಈ ಕಾರಿನದು. ಇನ್ನೊಂದು ಗೇರ್‌ಬಾಕ್ಸ್ ನಿಜವಾಗಿ ಹೋದ ನಮ್ಮ ಕೂಡ್ಲಿಗಿ ಬಸ್ಸಿನದು. ಕಲ್ಲು ಅಗಿದಂತೆ ಗರಗರ ಎನ್ನುವ ಅದನ್ನು ನಾನು ವರ್ಷಗಟ್ಟಲೆ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಬಸ್ಸನ್ನು ಮಾಡಿದರೆ ಕಾರು ನನ್ನದು. ಗಾಡಿ ಅಂಗಳದಲ್ಲಿ ಕುಸಿಯುತ್ತ ಕುಳಿತಿತ್ತು. ಅದರ ಕರೀ ಮೈಯಲ್ಲಿ ಎಲ್ಲರ ಮುಖವೂ, ನನ್ನದೂ ಕಾಣುತ್ತಿತ್ತು. ಬಾಯಿ ತೆರೆದೆ. ಬಸ್ಸು ತುಟಿಯವರೆಗೆ ಬಂದಿತ್ತು.

ಒಳ್ಳೆಯತನ ಅಡ್ಡ ಬಂತೆಂದು ಬರೆಯಬಹುದು, ಆದರೆ ಅಡ್ಡ ಬಂದದ್ದು ಸೊಕ್ಕು. ಗೋಡೆಗೆ ಕಿವಿ ಹಚ್ಚಿ ಹಚ್ಚಿ ಈ ಕಾರನ್ನು ನನ್ನಷ್ಟು ಕರಾರುವಾಕ್ಕಾಗಿ ಮಾಡುವವರು ಐದು ತಾಲೂಕಿನಲ್ಲಿ ಇಲ್ಲ. ಇದರ ಹೆಸರಲ್ಲಿ ಬೇರೊಂದರ ಸದ್ದು ಮಾಡುವುದು, ದೊಡ್ಡವ್ವನನ್ನು ಮಾಡುತ್ತೇನೆಂದು ಹೇಳಿ ಕಂಡಕ್ಟರನ್ನು ಮಾಡಿದ ಹಾಗೆ. ಕೇಳುವವನು ತಜ್ಞ ಬೇರೆ. ಹಡಗಲಿ ದಾಟಿದ ಖಾಲಿ ರಸ್ತೆ ನೆನಪಿಸಿಕೊಂಡು ಎಂಜಿನ್ನಿನಿಂದ ಶುರು ಮಾಡಿದೆ. ವೇಗ ಏರಿಸಿದೆ, ಗಾಳಿ ತಂದೆ, ಟರ್ರ್ ಹಿಡಿದೆ, ಟಪ ಟಪ ಬಿಟ್ಟೆ, ಮೆಲ್ಲಗೆ ಇಳಿಸಿ ನಿಲ್ಲಿಸಿದೆ. ಉಬ್ಬು ಬಂದಾಗ ಹೇಗೆ ಎಂದ ಮೇಸ್ತ್ರಿ, ಮಾಡಿದೆ. ಬ್ರೇಕ್ ಒತ್ತಿದಾಗ ಎಂದ, ಮಾಡಿದೆ. ಗೇರ್ ಬದಲಾಗುವಾಗ ಎಂದ. ಅಲ್ಲಿ ಸದ್ದೇ ಇರಲಿಲ್ಲ, ಸುಮ್ಮನೆ ಎಂಜಿನ್ನು ಸಲೀಸಾಗಿ ಹೋಗುವುದನ್ನು ಮಾಡಿದೆ.

ಆಮೇಲೆ ಮೇಸ್ತ್ರಿ ಅಂದ: "ಕೇಳಿಸ್ತು ಸಾರ್, ಇನ್ನ ಗಾಡಿ ಆಫ್ ಮಾಡ್ರಿ."

ನನ್ನ ಜೀವಮಾನದಲ್ಲಿ ನನಗೆ ಇಷ್ಟು ದೊಡ್ಡ ಬಹುಮಾನ ಸಿಕ್ಕಿಲ್ಲ. ಅದರ ಹಿಂದೆಯೇ ಪೆಟ್ಟೂ ಬಂತು. ಗೇರ್‌ಬಾಕ್ಸಿಗೆ ಏನೂ ಆಗಿಲ್ಲ, ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ಹಲಗೆ ಒಂದು ಕಡೆ ಬಿಟ್ಟಿದೆ, ವೇಗಕ್ಕೆ ಗಾಳಿ ಹೊಕ್ಕು ಬಡಿಯುತ್ತದೆ, ಕೈ ಹಾಕಿ ನೋಡಿ ಎಂದ. ದೊಡ್ಡಪ್ಪನ ಮಗ ಕಾರನ್ನು ಎಬ್ಬಿಸಿ, ಕೆಳಗೆ ಕಲ್ಲು ಕೊಟ್ಟು ನುಸುಳಿದ. ಹೊರಬಂದಾಗ ಅವನ ಅಂಗೈಯಲ್ಲಿ ಮುರಿದ ಕ್ಲಿಪ್ಪು ಮತ್ತು ಒಣಗಿದ ನಾಲ್ಕಾರು ಕುಂಬಳ ಬೀಜ. ಎಲ್ಲರೂ ದೊಡ್ಡವ್ವನ ಕಡೆ ನೋಡಿದರು. ದೊಡ್ಡವ್ವ ಆಕಾಶ ನೋಡಿದಳು. ಕಂಬಕ್ಕೆ ವೈರು ಬಿಗಿಯುವ ಪ್ಲಾಸ್ಟಿಕ್ ಪಟ್ಟಿಗಳು ಅವನ ಆಫೀಸಿನ ಚೀಲದಲ್ಲೇ ಇದ್ದವು. ಹಲಗೆಯನ್ನು ಅವುಗಳಿಂದಲೇ ಬಿಗಿದ. ಅತ್ತಿಗೆ ಒಳಗೆ ಹೋಗಿ ಚಹಾಕ್ಕಿಟ್ಟಳು. ತವರಿನ ಮಾತು ಅಲ್ಲಿಗೆ ನಿಂತಿತು, ಮಾರುವ ಮಾತೂ ನಿಂತಿತು.

ಬಿಸಿ ಬಿಸಿ ಚಹಾದ ಲೋಟ ಮೊದಲು ನನಗೇ ಕೊಟ್ಟರು. ಕುಡಿದೆ. ಚೆನ್ನಾಗಿತ್ತು, ಅದೇ ಸಂಕಟ.

ಈಗ ಕಾರು ಇನ್ನೂ ರಾತ್ರಿ ಕೂರುತ್ತದೆ, ಬೆಳಿಗ್ಗೆ ಏಳುತ್ತದೆ, ಗಾಜು ಇನ್ನೂ ಇಳಿಯುವುದಿಲ್ಲ. ಭಾನುವಾರ ನನ್ನನ್ನು ಬಿಟ್ಟು ಅದು ಎಲ್ಲಿಗೂ ಹೋಗುವುದಿಲ್ಲ; ಮುಂದಿನ ಸೀಟಿನಲ್ಲೇ ಕೂರಿಸುತ್ತಾರೆ, ಅದರ ಸದ್ದು ಹಿಡಿಯಲು. ಹೋದ ವಾರ ದೊಡ್ಡಪ್ಪನ ಮಗ ಗೋಡೆಯ ಮೇಲಿಂದ ತಲೆ ಹಾಕಿ, "ಲೇ, ಜಲ್ದಿ ಬಾರಲೇ, ಹೊಸದೊಂದು ಸೌಂಡ್ ಬರಾಕತ್ತೈತಿ," ಅಂದ. ಚಪ್ಪಲಿ ಮೆಟ್ಟದೆ ಓಡಿದೆ. ಈ ಸಲವಾದರೂ ಗೇರ್‌ಬಾಕ್ಸೇ ಇರಲಿ ಎಂದು ಬೇಡಿಕೊಳ್ಳುತ್ತ ಕುಳಿತೆ. ಹೊಸಹಳ್ಳಿ ದಾರಿಯಲ್ಲಿ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದೆ.

ಬಾಗಿಲಿನ ಜೇಬಿನಲ್ಲಿ ದೊಡ್ಡವ್ವನ ಸುಣ್ಣದ ಡಬ್ಬಿ ಅಲುಗಿ ಸದ್ದು ಮಾಡುತ್ತಿತ್ತು, ಅಷ್ಟೇ. ತೆಗೆದು ಅವನ ಕೈಗೆ ಕೊಟ್ಟೆ.