ಒಂದು ಕವಳದ ಹೊತ್ತು

೧೯೬೩ರಲ್ಲಿ ನಾನು ಕೊಕ್ಕರ್ಣೆ ಕಡೆಯ ಒಂದು ಉಪಕೇಂದ್ರಕ್ಕೆ ನರ್ಸ್ ಆಗಿ ಬಂದೆ. ಉಪಕೇಂದ್ರ ಎಂದರೆ ಎರಡು ಕೋಣೆ, ಒಂದು ಬೆಂಚು, ಔಷಧಿಯ ಕಪಾಟು ಮತ್ತು ನಾನು. ವಯಸ್ಸು ಇಪ್ಪತ್ನಾಲ್ಕು, ಕೋಪ ಮೂಗಿನ ತುದಿಯಲ್ಲೇ. ಸುತ್ತಲಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದವರು ಅಕ್ಕಣಿಯಮ್ಮ ಎಂಬ ಸೂಲಗಿತ್ತಿ. ಅರುವತ್ತರ ಹತ್ತಿರದ ಸಣಕಲು ಹೆಂಗಸು. ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ನಿಂತರೆ ಬ್ರಹ್ಮಾವರದ ಆಸ್ಪತ್ರೆ ದೂರದ ಮಾತು. ಆಗ ತಾಯಿ, ಮಗು ಇಬ್ಬರ ಜೀವವೂ ಅವರ ಕೈಯಲ್ಲೇ. ಆ ಕೈ ಹೆರಿಗೆಗೆ ಮುಂಚೆ ಸಾಬೂನು ಕಂಡದ್ದಿರಲಿಲ್ಲ.

ಮರುವರ್ಷ ಸೂಲಗಿತ್ತಿಯರಿಗೆ ಒಂದು ತಿಂಗಳ ತರಬೇತಿ ನಡೆಯಿತು. ಕೈ ತೊಳೆಯಬೇಕು, ಹೊಕ್ಕುಳಬಳ್ಳಿ ಕತ್ತರಿಸುವ ಬ್ಲೇಡು ಮತ್ತು ಕಟ್ಟುವ ದಾರವನ್ನು ಇಪ್ಪತ್ತು ನಿಮಿಷ ಕುದಿಸಬೇಕು. ಇಲ್ಲವಾದರೆ ಮಗುವಿಗೆ ಧನುರ್ವಾಯು ಆದೀತು ಎಂದು ಕಲಿಸಿದೆ. ಅಕ್ಕಣಿಯಮ್ಮ ಎಲ್ಲವನ್ನೂ ಒಪ್ಪವಾಗಿ ಮಾಡಿ ತೋರಿಸಿದರು. ಕೊನೆಯ ದಿನ ಬ್ಲೇಡು, ದಾರ, ಸಾಬೂನು ತುಂಬಿದ ಪೆಟ್ಟಿಗೆಯನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ದರು.

ಎರಡು ತಿಂಗಳ ಬಳಿಕ ಅವರ ಮನೆಗೆ ಹೋದರೆ ಪೆಟ್ಟಿಗೆ ದೇವರ ಪಟದ ಪಕ್ಕ ಕೂತಿದೆ. ಮೇಲೆ ಕುಂಕುಮ, ಒಂದು ದಾಸವಾಳ. ಒಳಗೆ ಸಾಬೂನಿನ ಕಾಗದ ಕೂಡ ಬಿಚ್ಚಿಲ್ಲ!

“ಸರ್ಕಾರದ್ ಪೆಟ್ಗಿ ನರ್ಸಮ್ಮ, ದಿನಾ ತೆಗ್ದ್ರೆ ಹಾಳಾತ್ತಲ್ದಾ?” ಎಂದರು. ಮತ್ತೆ, “ಕೊಳಿ ಆದ್ಮೇಲೆ ಕೈ ತೊಳುದ್ ನಂಗೊತ್ತಿತ್. ಕೊಳಿ ಆಪುಕ್ ಮುಂಚೆ ತೊಳುದ್ ಎಂತಕೆ?”

ಹೆರಿಗೆಯಾದ ಮೇಲೆ ಅವರು ತಲೆಗೆ ಸ್ನಾನ ಮಾಡದೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಕೊಳೆಯೆಲ್ಲ ಹೆರಿಗೆಯಿಂದಲೇ ಬರುವುದು ಎಂಬುದು ಅವರ ನಂಬಿಕೆ. ನಾನು ಬಾಯಿಗೆ ಬಂದಂತೆ ಬೈದೆ. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡು, ಮುಂದಿನ ಹೆರಿಗೆಯಲ್ಲಿ ಮತ್ತೆ ಮರೆತರು. ನಾನು ಎದುರಿದ್ದರೆ ನೆನಪು, ಇಲ್ಲದಿದ್ದರೆ ಮರೆವು. ಉಪಾಯವೆಂದು ಸಾಬೂನನ್ನು ಅವರ ಎಲೆಯಡಿಕೆ ಚೀಲಕ್ಕೇ ತುರುಕಿದೆ. ಮೂರನೇ ದಿನ ಸಿಟ್ಟಿನಿಂದ ಬಂದರು.

“ಎಂತ ಮಾರಾಯ್ರೆ, ಎಲಿಗೆಲ್ಲ ಸಾಬೂನ್ ಪರಿಮಳ! ಕವಳ ಹಾಕ್ರೆ ಬಾಯಗೆ ನೊರಿ ಬತ್ತ್!”

ನಗು ತಡೆದುಕೊಂಡು ಕೇಳಿದೆ: “ಕವಳ ಹಾಕ್ದೆ ಯಾವತ್ತಾರೂ ಹೆರ್ಗಿಗೆ ಹೋದ್ದ್ ಇತ್ತಾ?”

“ಅದ್ ಹ್ಯಾಂಗಾತ್ತ್? ಕೈ ನಡ್ಗುದಿಲ್ಯಾ?”

ಉತ್ತರ ಅವರ ಬಾಯಲ್ಲೇ ಇತ್ತು. ಅಂದೇ ಬೆಂಚಿನ ಮೇಲೆ ಕೂರಿಸಿ, ಕೈಗಡಿಯಾರ ಹಿಡಿದು ಅಳೆದೆ. ಎಲೆಗೆ ಸುಣ್ಣ ಹಚ್ಚುವುದರಿಂದ ಹಿಡಿದು ಉಗುಳುವವರೆಗೆ ಅವರ ಒಂದು ಕವಳಕ್ಕೆ ಇಪ್ಪತ್ತೆರಡು ನಿಮಿಷ. ಕುದಿಯುವ ನೀರಿಗೆ ಬ್ಲೇಡು, ದಾರ ಹಾಕಿದ ಮೇಲೆಯೇ ಕವಳ ಕಟ್ಟಬೇಕು, ಕವಳ ಉಗುಳಿ ಬಾಯಿ ಮುಕ್ಕಳಿಸಿದ ಕೂಡಲೇ ಸಾಬೂನಿನಲ್ಲಿ ಕೈ ತೊಳೆಯಬೇಕು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಮೊದಲ ಮೂರು ತಿಂಗಳಲ್ಲಿ ಎರಡು ಸಲ ತಪ್ಪಿದರು. ಎರಡೂ ಸಲ ತಾವೇ ಬಂದು ಹೇಳಿದರು. ನಾನು ಬೈಯಲಿಲ್ಲ. ಅಷ್ಟು ಬುದ್ಧಿ ನನಗೂ ಬಂದಿತ್ತು.

೧೯೬೫ರ ಜುಲೈ. ನಾನೇ ತುಂಬಿದ ಬಸುರಿ. ಯಜಮಾನರು ಕುಂದಾಪುರದಲ್ಲಿ ಕೆಲಸದಲ್ಲಿದ್ದರು. ಬ್ರಹ್ಮಾವರದ ಆಸ್ಪತ್ರೆಗೆ ಸೇರುವುದೆಂದು ಎಲ್ಲ ಗೊತ್ತು ಮಾಡಿದ್ದೆ. ಎರಡು ವಾರ ಮೊದಲೇ, ಒಂದು ಮಧ್ಯಾಹ್ನ ನೋವು ಶುರುವಾಯಿತು. ಹೊಳೆ ತುಂಬಿ ದೋಣಿ ನಿಂತಿತ್ತು. ಪಕ್ಕದ ಮನೆಯವರು ಓಡಿಹೋಗಿ ಅಕ್ಕಣಿಯಮ್ಮನನ್ನು ಕರೆತಂದರು. ಅವರು ಹೊಟ್ಟೆ ಮುಟ್ಟಿ ನೋಡಿ, ನೇರ ಅಡುಗೆಮನೆಗೆ ಹೋಗಿ ಒಲೆಯ ಮೇಲೆ ನೀರಿಟ್ಟರು.

ನಾನು ನೂರಾರು ಹೆರಿಗೆ ಕಂಡವಳು. ಆದರೂ ನನ್ನ ನೋವು ಬಂದಾಗ ಕಲಿತದ್ದು, ಕಲಿಸಿದ್ದು ಎಲ್ಲ ಹೊಳೆ ಪಾಲಾಯಿತು.

“ಅಕ್ಕಣಿಯಮ್ಮ, ಕುದ್ಸುದೆಲ್ಲ ಬಿಡಿ! ಬೇಗ ಒಳ್ಗ್ ಬನ್ನಿ!” ಎಂದು ಕಿರುಚಿದೆ.

ಅಡುಗೆಮನೆಯಿಂದ ಬಾಯಿ ತುಂಬಿದ ದನಿ ಬಂತು: “ಸುಮ್ನಿರಿ ನರ್ಸಮ್ಮ. ಇನ್ನೂ ಹೊತ್ತಿತ್. ಕವಳ ಮುಗಿಲಿ.”

ಆ ಇಪ್ಪತ್ತೆರಡು ನಿಮಿಷ ನಾನು ಅವರನ್ನು ಬೈದಷ್ಟು ಜನ್ಮದಲ್ಲಿ ಯಾರನ್ನೂ ಬೈದಿಲ್ಲ. ಕೊನೆಗೆ ಉಗುಳಿದ ಸದ್ದು, ಮುಕ್ಕಳಿಸಿದ ಸದ್ದು, ಮತ್ತೆ ಚೊಂಬಿನಿಂದ ನೀರು ಬೀಳುವ ಸದ್ದು ಕೇಳಿಸಿತು. ಮೊಣಕೈಯಿಂದ ಬಾಗಿಲು ತಳ್ಳಿ ಒಳಬಂದರು. ಎರಡೂ ಕೈ ಎತ್ತಿ ಹಿಡಿದಿದ್ದರು, ನೀರು ತೊಟ್ಟಿಕ್ಕುತ್ತಿತ್ತು. ಏನನ್ನೂ ಮುಟ್ಟಬಾರದೆಂದು ತರಬೇತಿಯಲ್ಲಿ ನಾನೇ ಹೇಳಿಕೊಟ್ಟ ಭಂಗಿ ಅದು. ನನಗೆ ನೋವಿನ ನಡುವೆಯೂ ಅಳು ಬಂತು, ಅದು ನೋವಿನ ಅಳುವಲ್ಲ.

ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ ಬೆಳೆದಳು. ಅಕ್ಕಣಿಯಮ್ಮ ಈಗಿಲ್ಲ, ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಮುಂದೆ ಇಪ್ಪತ್ತೊಂಬತ್ತು ವರ್ಷ ನೌಕರಿ ಮಾಡಿದೆ, ಎಷ್ಟೋ ಜನರಿಗೆ ತರಬೇತಿ ಕೊಟ್ಟೆ. ಯಾರಾದರೂ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದರೆ ಕಲಿತರು ಎಂದು ನಾನು ಬರೆದುಕೊಳ್ಳುತ್ತಿರಲಿಲ್ಲ. ಕಲಿಸಿದವಳೇ ಬೇಡವೆಂದು ಕಿರುಚಿದರೂ ಬಿಡದೆ ಮಾಡಿದವರೊಬ್ಬರನ್ನು ನಾನು ಮಲಗಿದಲ್ಲಿಂದಲೇ ನೋಡಿದ್ದೆ.