ಸೂರ್ಯಕಾಂತಿ ಹೊಲದ ಮೇಡಂ

ಹೃದಯಕ್ಕೆ ಹಿತವಾದ ಎಣ್ಣೆ ಕೊಡುವ ಹೊಸ ಸೂರ್ಯಕಾಂತಿ ತಳಿ ಬೆಳೆಸಲು ಪಾಪಿನಾಯಕನಹಳ್ಳಿಯಲ್ಲಿ ಹೊಲ ಗುತ್ತಿಗೆ ಹಿಡಿದಿದ್ದ ಮೇಡಂ ಹತ್ತಿರ ನಾನು ಕೆಲಸಕ್ಕಿದ್ದೆ. ಅದಿರಿನ ಲಾರಿಗಳು ಹಗಲೂ ಇರುಳೂ ಓಡುತ್ತಿದ್ದ ಕಾಲವದು. ಬೇರೆ ಗಿಡದ ಪರಾಗ ಬೆರೆಯದಂತೆ ಪ್ರತಿ ಹೂವಿಗೂ ಬಟ್ಟೆಚೀಲ ಕಟ್ಟಿರುತ್ತಿದ್ದೆವು. ಬೆಳಗಾದರೆ ಮೇಡಂ ಚೀಲದ ಮೇಲಿನ ಕೆಂಪು ಧೂಳು ಕೊಡವಿ, ಬಿಚ್ಚಿ, ಬ್ರಷ್‌ನಿಂದ ಪರಾಗ ಸವರಿ, ಮತ್ತೆ ಕಟ್ಟುತ್ತಿದ್ದರು. "ಇದೊಂದು ಬೆಳಿ ಕೈಗೆ ಬರ್ಲಿ" ಎಂಬ ಮಾತು ಸದಾ ಅವರ ಬಾಯಲ್ಲಿರುತ್ತಿತ್ತು. ವರ್ಷಗಟ್ಟಲೆ ಆರಿಸಿ ಉಳಿಸಿದ್ದ ಬೀಜವನ್ನೆಲ್ಲ ಆ ಸಲ ಅಲ್ಲೇ ಬಿತ್ತಿದ್ದರು.

ಕಾಳು ಕಟ್ಟುತ್ತಿದ್ದಾಗ ಹೊಲದ ಒಡೆಯರಾದ ಗೌಡರು ಬಂದರು.

"ಮೇಡಂರ, ಅದಿರು ಸುರಿಯಾಕ ಹೊಲ ಕೊಟ್ಟೀನ್ರಿ. ನಾಳಿಗೇ ಲಾರಿ ಬರ್ತಾವು."

"ಕಾಳಿನ್ನೂ ಬಲಿತಿಲ್ರಿ ಗೌಡ್ರ. ಒಂದಿಷ್ಟು ದಿನ ತಡೀರಿ."

"ನಾ ತಡೀತೀನ್ರಿ, ಅದಿರಿನವ್ರು ತಡಿಯಂಗಿಲ್ಲ."

ಮೇಡಂ ಜಗಳ ಮಾಡಲಿಲ್ಲ. ಗೌಡರು ಹೋದ ಮೇಲೆ ಕುಡುಗೋಲು ಹಿಡಿದು, ಒಂದೊಂದೇ ಹೂವನ್ನು ಚೀಲದ ಸಮೇತ ಕೊಯ್ದು ಬುಟ್ಟಿಗೆ ಇಡತೊಡಗಿದರು. ಹೊತ್ತು ಮುಳುಗುತ್ತಾ ಬಂದರೂ ನಿಲ್ಲಿಸಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮೇಡಂ, ಇವನ್ನ ಬಿತ್ತಿದ್ರ ಹುಟ್ಟತಾವೇನ್ರಿ?"

"ಇಲ್ಲ" ಎಂದರು. ಮುಂದಿನ ಗಿಡದ ಹೂವನ್ನೂ ಅಷ್ಟೇ ಜೋಪಾನವಾಗಿ ಅಂಗೈಯಲ್ಲಿ ಹಿಡಿದು ಕೊಯ್ದರು.