ಒಂದು ಅಂಗಿಯಷ್ಟು ಪ್ರಸಂಗ

ಮೂವತ್ತು ವರ್ಷದಲ್ಲಿ ಒಂದೇ ಒಂದು ಅಂಗಿಯನ್ನೂ ಸುಟ್ಟವಳಲ್ಲ ಎಂದು ಇಸ್ತ್ರಿ ಅಕ್ಕ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುವುದೇನು, ಡಂಗುರವೇ. ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ತಾಗಿ ಬೆರಳು ಕೊಯ್ದುಕೊಂಡವರು ಆ ಬೀದಿಯಲ್ಲಿ ಆರು ಜನರಾದರೂ ಇದ್ದರು.

ಸೋಮವಾರ ಬೆಳಿಗ್ಗೆ ಊರಿಗೆಲ್ಲ ಗರಿಗರಿ ಅಂಗಿ ಬೇಕು. ಹಾಗಾಗಿ ಭಾನುವಾರ ಚರ್ಚಿಗೆ ಹೋಗಲು ಅವಳಿಗೆ ಬಿಡುವಿಲ್ಲ. ಹಾಗೆಂದು ದೇವರನ್ನು ಬಿಡುವ ಹೆಂಗಸೂ ಅಲ್ಲ. ಅಂಗಡಿಯಲ್ಲೇ, ಮೇಜಿನ ಮುಂದೆ ನಿಂತೇ ಪ್ರಾರ್ಥನೆ ಶುರುಮಾಡಿದಳು. ರಾತ್ರಿಪಾಳಿ ಮುಗಿಸಿದ ನರ್ಸ್ ಬಂದಳು, ಬಸ್ ಡ್ರೈವರ್ ಬಂದ, ಬೇಕರಿಯವನ ಹೆಂಡತಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಬಟ್ಟೆಗಂಟುಗಳೇ ಆಸನ. ಕಟ್ಟಳೆ ಒಂದೇ: ಯಾರು ಬೇಕಾದರೂ ಮಾತಾಡಬಹುದು, ಆದರೆ ಒಂದು ಅಂಗಿ ಇಸ್ತ್ರಿಯಾಗುವಷ್ಟು ಹೊತ್ತು ಮಾತ್ರ.

ಅಂಗಡಿಯ ಕೋಣೆ ಅವಳ ಗಂಡನ ಅಣ್ಣನದು. ಈ ಭಾವ ಚರ್ಚಿನಲ್ಲಿ ಸಭೆಯ ಹಿರಿಯ; ಅವನು ಕೆಮ್ಮಿದರೆ ಹಾಡುವವರು ಶ್ರುತಿ ಬದಲಿಸುತ್ತಿದ್ದರಂತೆ. ಒಂದು ಭಾನುವಾರ ಆರಾಧನೆ ಮುಗಿದದ್ದೇ ತಡ, ಪಾದ್ರಿಯನ್ನು ಕರೆದುಕೊಂಡು ಬಂದ.

“ಗಂಟೆ ಇಲ್ಲ, ಪೀಠ ಇಲ್ಲ, ಚಡ್ಡಿ ರಾಶಿ ಮೇಲೆ ಕೂತು ಪ್ರಾರ್ಥನೆಯಾ? ಇವತ್ತೇ ನಿಲ್ಲಿಸು, ಇಲ್ಲಾ ಬೀಗದ ಕೈ ಕೊಡು. ಅಯ್ಯನವರೇ, ನೀವೇ ಬುದ್ಧಿ ಹೇಳಿ.”

“ಹೇಳಲಿ ಭಾವ, ಒಂದು ಅಂಗಿಯಷ್ಟು,” ಎಂದು ಅಕ್ಕ ಇಸ್ತ್ರಿಗೆ ಬಂದಿದ್ದ ಭಾವನದೇ ಬಿಳಿ ಅಂಗಿಯನ್ನು ಮೇಜಿನ ಮೇಲೆ ಹಾಸಿದಳು.

ಪಾದ್ರಿ ಲೋಕಸೃಷ್ಟಿಯಿಂದ ಹೊರಟರು.

“ಕಾಲರ್ ಮುಗೀತು, ಅಯ್ಯನವರೇ.”

ಅವರು ಗಾಬರಿಬಿದ್ದು ಜಲಪ್ರಳಯಕ್ಕೆ ಹಾರಿದರು.

“ಎರಡು ತೋಳೂ ಆಯ್ತು. ಬೆನ್ನಿಗೆ ಬಂದಿದೀನಿ.”

ಪಾದ್ರಿ ಪುಸ್ತಕ ಮುಚ್ಚಿದರು. “ನಮ್ಮಮ್ಮ ಹಾಸಿಗೆ ಹಿಡಿದಿದಾರೆ,” ಎಂದರು ಮೆಲ್ಲಗೆ. “ಊರೋರಿಗೆಲ್ಲ ಪ್ರಾರ್ಥನೆ ಮಾಡ್ತೀನಿ. ಅಮ್ಮನ ಹತ್ರ ಕೂತ್ರೆ ಒಂದು ಮಾತೂ ಹೊರಡಲ್ಲ. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?”

ಅಕ್ಕ ಕಣ್ಣು ಮುಚ್ಚಿದಳು. ನರ್ಸ್ ಪಾದ್ರಿಯ ಕೈ ಹಿಡಿದಳು. ಡ್ರೈವರ್ ತನಗೆ ಬಂದಷ್ಟು ಪ್ರಾರ್ಥಿಸಿದ. ಕೋಣೆಯಲ್ಲಿ ಆಮೆನ್ ಎದ್ದಿತು. ಅದರ ಹಿಂದೆಯೇ ಹೊಗೆಯೂ ಎದ್ದಿತು. ಅಂಗಿಯ ಬೆನ್ನಿನಿಂದ ಎದೆಯವರೆಗೆ ದೊಡ್ಡ ತೂತು. ಅದರೊಳಗೆ ಬಸುರಿ ಬೆಕ್ಕೊಂದು ಸಲೀಸಾಗಿ ಓಡಾಡಬಹುದಿತ್ತು.

“ನನ್ನಂಗಿ!” ಭಾವ ಕಿರುಚಿ ಕೈ ಚಾಚಿದ. “ಕೊಡು, ಕೊಡು ಬೀಗದ ಕೈ!”

“ಬೇಡ, ಬಿಡಿ,” ಎಂದರು ಪಾದ್ರಿ, ಕಣ್ಣೊರೆಸಿಕೊಳ್ಳುತ್ತ. “ಮುಂದಿನ ಭಾನುವಾರ ನಾನೂ ಇಲ್ಲಿಗೇ ಬರ್ತೀನಿ.”

ಚಾಚಿದ ಕೈಯನ್ನು ಎಲ್ಲಿಡಬೇಕೋ ಭಾವನಿಗೆ ತಿಳಿಯಲಿಲ್ಲ. “ನೀವಿಲ್ಲಿ ಕೂತ್ರೆ ಚರ್ಚಲ್ಲಿ ಪ್ರಸಂಗ ಮಾಡೋರ್ಯಾರು?”

“ನೀವೇ ಮಾಡಿ ಭಾವ,” ಅಕ್ಕ ಅಂಗಿಯನ್ನು ನೀಟಾಗಿ ಮಡಿಸಿ ಆ ಕೈಯಲ್ಲಿಟ್ಟಳು. “ಇದನ್ನೇ ಹಾಕ್ಕೊಂಡು ನಿಂತ್ಕೊಳ್ಳಿ. ಒಬ್ಬರೂ ತೂಕಡಿಸಲ್ಲ.”